ತಾಜ್‌ಗಂಜ್ ಖಾತೆ

ನೋಯ್ಡಾದ ನಮ್ಮ ಮನೆಯಿಂದ ದಿಲ್ಲಿ ಕಡೆ ಹೊರಟರೆ ಕಾಳಿಂದಿ ಕುಂಜ್‌ನಲ್ಲಿ ಯಮುನೆಯನ್ನು ದಾಟಬೇಕು. ಹೋದ ದೀಪಾವಳಿಯ ಆಸುಪಾಸಿನಲ್ಲಿ ಹಾಗೆ ದಾಟುವಾಗ ನೀರಿನ ಮೇಲೆ ತೇಲುತ್ತಿದ್ದ ಬಿಳಿ ನೊರೆಯನ್ನು ನೋಡುತ್ತ ಎಂಟು ವರ್ಷದ ಮಗ ಕೇಳಿದ: "ಅಮ್ಮಾ, ಈ ನೀರು ಇಲ್ಲಿಂದ ಎಲ್ಲಿಗೆ ಹೋಗತ್ತೆ?" ಮಥುರೆಗೆ, ಆಮೇಲೆ ಆಗ್ರಾಕ್ಕೆ ಎಂದೆ. "ಆಗ್ರಾ ಗೊತ್ತು. ಅಲ್ಲಿ ನಾನು ತುಂಬ ಅತ್ತಿದ್ದೆ" ಎಂದ. ತಾಜ್‌ಮಹಲ್ ಬಗ್ಗೆ ಅವನಲ್ಲಿ ಉಳಿದ ನೆನಪು ಅದೊಂದೇ. ಆ ಅಳುವಿಗೆ ನಾವು 11,700 ರೂಪಾಯಿ ಕೊಟ್ಟಿದ್ದೆವು.

ಅದು ಮೂರು ವರ್ಷದ ಹಿಂದಿನ ಮಾತು. ಮೇ ತಿಂಗಳ ಒಂದು ಭಾನುವಾರ ಟ್ಯಾಕ್ಸಿ ಮಾಡಿಕೊಂಡು ಬೆಳಗ್ಗೆ ಹೋಗಿ ರಾತ್ರಿ ಬಂದಿದ್ದೆವು. ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಯುತ್ತದಲ್ಲ ಎಂಬುದು ನಮ್ಮ ಲೆಕ್ಕ. ಯಮುನಾ ಎಕ್ಸ್‌ಪ್ರೆಸ್‌ವೇ 165 ಕಿಲೋಮೀಟರ್, ನೂಲು ಹಿಡಿದ ಹಾಗೆ ನೇರ, ಪ್ರಯಾಣಕ್ಕೇನೂ ಕಷ್ಟವಾಗಲಿಲ್ಲ. ಊರು ಸೇರಿದ ಮೇಲೆ ಚಾಲಕ ಮೊದಲು ನಿಲ್ಲಿಸಿದ್ದು ಅಮೃತಶಿಲೆಯ ಅಂಗಡಿಯ ಮುಂದೆ. ಅಲ್ಲಿಂದ ಹೊರಬರುವಾಗ ನಮ್ಮ ಕೈಯಲ್ಲಿ 2,400 ರೂಪಾಯಿಯ ಪುಟ್ಟ ತಾಜ್ ಇತ್ತು. ಪಾರ್ಕಿಂಗ್‌ನಲ್ಲಿ ಗಂಟುಬಿದ್ದ ಗೈಡ್‌ಗೆ 800. ತಾಜ್‌ನ ಬಾಗಿಲು ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ತಿಂಡಿ ಒಳಗೆ ಬಿಡುವುದಿಲ್ಲ. ನಾನು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ಕಾರಿನಲ್ಲೇ ಉಳಿಯಿತು. ಕಾಯ್ದ ಕಲ್ಲಿನ ಮೇಲೆ ಹಸಿದ ಐದು ವರ್ಷದ ಮಗು ಅಳದೆ ಇನ್ನೇನು ಮಾಡೀತು?

ಮನೆಗೆ ಬಂದು ಚೀಟಿಗಳನ್ನು ಹರವಿಕೊಂಡು ಕೂತಾಗ ಕಣ್ಣಿಗೆ ಹೊಡೆದದ್ದು ಇದು: ತಾಜ್ ನೋಡುವುದಕ್ಕೆ ಆದ ಖರ್ಚು 500 ರೂಪಾಯಿ ಮಾತ್ರ. ಭಾರತೀಯರಿಗೆ ಪ್ರವೇಶಕ್ಕೆ 50, ಮುಖ್ಯ ಗೋರಿಯ ಕಟ್ಟೆ ಹತ್ತಲು ಇನ್ನೂ 200. ಹದಿನೈದರೊಳಗಿನ ಮಕ್ಕಳಿಗೆ ಏನೂ ಇಲ್ಲ. ಉಳಿದ 11,200 ರೂಪಾಯಿ ಹೋದದ್ದು ಟ್ಯಾಕ್ಸಿಗೆ ಮತ್ತು ದಣಿವು, ಹಸಿವು, ಅವಸರಗಳ ನಡುವೆ ನಿಂತ ನಿಲುವಿನಲ್ಲಿ ತೆಗೆದುಕೊಂಡ ತೀರ್ಮಾನಗಳಿಗೆ. ಅಷ್ಟಕ್ಕೂ ಕ್ರೆಡಿಟ್ ಕಾರ್ಡ್ ಉಜ್ಜಿದ್ದೆವು. ಶಾಲೆಯ ಫೀಸಿನ ಕಾಲ. ನಾಲ್ಕು ತಿಂಗಳು ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದೆವು. ತಿಂಗಳಿಗೆ ಶೇಕಡಾ ಮೂರೂವರೆ ಬಡ್ಡಿ, ಬಡ್ಡಿಯ ಮೇಲೆ ಜಿಎಸ್‌ಟಿ. ಸುಮಾರು 2,000 ರೂಪಾಯಿ ಹಾಗೆ ಹೋಯಿತು. ಅದು ತೀರುವ ಮೊದಲೇ ಪುಟ್ಟ ತಾಜ್‌ನ ಒಂದು ಮಿನಾರು ಮುರಿದಿತ್ತು.

ಸೇತುವೆಯ ಮೇಲೆ ಮಗ ಆ ಮಾತು ಆಡುವ ಹೊತ್ತಿಗೆ ಬ್ಯಾಂಕಿನಲ್ಲಿ ನಮ್ಮದೊಂದು ಆರ್‌ಡಿ (ರಿಕರಿಂಗ್ ಡೆಪಾಸಿಟ್) ಓಡುತ್ತಿತ್ತು. ತಿಂಗಳಿಗೆ ಒಂದು ಸಾವಿರ, ಹತ್ತು ತಿಂಗಳು. ಐದನೇ ತಾರೀಕು ಸಂಬಳದ ಖಾತೆಯಿಂದ ತಾನಾಗಿ ಹೋಗುವಂತೆ ಮಾಡಿದ್ದೆ. ಪ್ರವಾಸಕ್ಕೆ ಎಂದೇ ಕಟ್ಟಿದ ದುಡ್ಡು. ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮವರು, "ಮತ್ತೆ ಆಗ್ರಾಕ್ಕೇ ಹೋಗೋಣ. ಅವನ ನೆನಪು ತಿದ್ದಬೇಕು" ಎಂದರು. ಪರೀಕ್ಷೆ ಮುಗಿದ ಮಾರ್ಚ್ ಕೊನೆಯ ಶನಿವಾರ ಹೊರಟೆವು. ಶುಕ್ರವಾರ ತಾಜ್ ಮುಚ್ಚಿರುತ್ತದೆ. ಶುಕ್ರವಾರ ರಜೆ ಬಿದ್ದಾಗ ದಿಲ್ಲಿಯಿಂದ ಹೊರಡುವವರು ಇದನ್ನು ಮರೆಯಬಾರದು.

ಈ ಸಲ ರೈಲು. ಗತಿಮಾನ್ ಎಕ್ಸ್‌ಪ್ರೆಸ್ ನಿಜಾಮುದ್ದೀನ್‌ನಿಂದ 188 ಕಿಲೋಮೀಟರನ್ನು ನೂರು ನಿಮಿಷದಲ್ಲಿ ಮುಗಿಸುತ್ತದೆ. ಆದರೆ ಅಂಥ ರೈಲಿನಲ್ಲಿ ಐದು ದಾಟಿದ ಮಗುವಿಗೂ ಪೂರ್ತಿ ಟಿಕೆಟ್ಟೇ, ನಾಲ್ಕು ಜನರ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ. ಬೆಳಗ್ಗೆ ಹೊರಡುವ ತಾಜ್ ಎಕ್ಸ್‌ಪ್ರೆಸ್‌ನ ಸೆಕೆಂಡ್ ಸಿಟಿಂಗ್ ಹಿಡಿದೆವು. ನಾಲ್ವರದೂ ಹೋಗಿಬರುವ ಖರ್ಚು ಸಾವಿರದೊಳಗೆ. ಒಂದು ಗಂಟೆ ಹೆಚ್ಚು ಹಿಡಿಯಿತು, ಆ ಗಂಟೆಯಲ್ಲಿ ಮಕ್ಕಳು ಚಿತ್ರಾನ್ನ ತಿಂದರು.

ಹಿಂದಿನ ಸಲ ಉಳಿಸಿದ್ದ ರೂಮಿನ ಬಾಡಿಗೆಯನ್ನು ಈ ಸಲ ಕೊಟ್ಟೆವು: 2,800, ತಾಜ್‌ನ ದಕ್ಷಿಣಕ್ಕೆ ಅಂಟಿಕೊಂಡ ತಾಜ್‌ಗಂಜ್‌ನ ಒಂದು ಗಲ್ಲಿಯಲ್ಲಿ. ಇಡೀ ಪ್ರವಾಸದಲ್ಲಿ ನಾವು ಕೊಟ್ಟ ಅತ್ಯುತ್ತಮ ದುಡ್ಡು ಅದು. ಮಧ್ಯಾಹ್ನದ ಬಿಸಿಲಿಗೆ ಮಕ್ಕಳು ಮಲಗಿದರು. ಸಂಜೆ ಆಟೊದಲ್ಲಿ ಹೊಳೆ ದಾಟಿ ಮೆಹತಾಬ್ ಬಾಗ್‌ಗೆ ಹೋಗಿ ದಡದಲ್ಲಿ ನಿಂತೆವು. ಎದುರಿಗೆ ತಾಜ್, ನಡುವೆ ಯಮುನೆ. "ಇದು ನಮ್ಮನೆ ಹತ್ರದ ನೀರೇನಾ?" ಎಂದ ಮಗ. ಭಾನುವಾರ ಸೂರ್ಯ ಹುಟ್ಟುವ ಮೊದಲೇ ಬಾಗಿಲು ತೆರೆದಾಗ ಸಾಲಿನಲ್ಲಿ ನಾವಿದ್ದೆವು. ಕಲ್ಲು ಬೂದಿ ಬಣ್ಣದಿಂದ ನಸುಗೆಂಪಿಗೆ ತಿರುಗುವುದನ್ನು ಹನ್ನೊಂದು ವರ್ಷದ ಮಗಳು ಏನೂ ಮಾತಾಡದೆ ನೋಡಿದಳು. ಬೆಳಗ್ಗೆ ನೋಯ್ಡಾ ಬಿಟ್ಟು ಬರುವವರಿಗೆ ಆ ಗಳಿಗೆ ಸಿಗುವುದಿಲ್ಲ.

ತಾಜ್‌ಗಂಜ್ ಎಂಬ ಹೆಸರಿನ ಹಿಂದೆ ನನ್ನಂಥ ಲೆಕ್ಕ ಬರೆಯುವವಳಿಗೆ ರೋಮಾಂಚನವಾಗುವ ಸಂಗತಿಯೊಂದಿದೆ. ಷಾಜಹಾನನ ಆಸ್ಥಾನದ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿ ಕಟ್ಟಡದ ವೆಚ್ಚವನ್ನು 50 ಲಕ್ಷ ರೂಪಾಯಿ ಎಂದು ಬರೆದಿದ್ದಾನೆ. ಅಷ್ಟಕ್ಕೇ ನಿಲ್ಲಿಸದೆ ಗೋರಿಯ ನಿರ್ವಹಣೆಗೆ ಬಿಟ್ಟ ಆದಾಯವನ್ನೂ ದಾಖಲಿಸಿದ್ದಾನೆ: ಮೂವತ್ತು ಹಳ್ಳಿಗಳ ಕಂದಾಯದಿಂದ ವರ್ಷಕ್ಕೆ ಒಂದು ಲಕ್ಷ, ತಾಜ್‌ಗೆ ಸೇರಿದಂತೆ ಕಟ್ಟಿದ ಬಜಾರು ಮತ್ತು ಸರಾಯ್‌ಗಳ ಬಾಡಿಗೆಯಿಂದ ಎರಡು ಲಕ್ಷ. ಆ ಬಜಾರು, ಸರಾಯ್‌ಗಳಿದ್ದ ಜಾಗವೇ ಇಂದಿನ ತಾಜ್‌ಗಂಜ್. ಅಂದರೆ ಅಲ್ಲಿ ತಂಗಿದ ಪ್ರಯಾಣಿಕರ ಬಾಡಿಗೆಯಲ್ಲಿ ಆ ಅಮೃತಶಿಲೆಯ ದುರಸ್ತಿ ನಡೆಯಬೇಕೆಂಬ ಏರ್ಪಾಡು. ನಮ್ಮ ಕಡೆಯ ಗುಡಿಗಳ ಶಾಸನಗಳಲ್ಲಿ ನಂದಾದೀಪಕ್ಕೆಂದು ಗದ್ದೆ ಬಿಟ್ಟ ಮಾತು ಬರುತ್ತದಲ್ಲ, ಅದೇ ಬುದ್ಧಿ. ದೀಪ ಹಚ್ಚುವ ದಿನವೇ ನಾಳಿನ ಎಣ್ಣೆ ಎಲ್ಲಿಂದ ಎಂದು ಯೋಚಿಸಿದವರು ಅವರು. ರೂಮಿನ ಕಿಟಕಿಯ ಹತ್ತಿರ ಕೂತು ಇದನ್ನು ಹೇಳಿದಾಗ ಮಗಳು ಕೇಳಿದಳು, "ಹಾಗಾದ್ರೆ ನಮ್ಮ ಆರ್‌ಡಿ ಕೂಡ ಹಳ್ಳಿ ಥರಾನಾ?" ಹೌದು ಎಂದೆ. ಅಂದಿನಿಂದ ಆ ಖಾತೆಗೆ ಮನೆಯಲ್ಲಿ ತಾಜ್‌ಗಂಜ್ ಎಂದೇ ಹೆಸರು.

ಆಗ್ರಾ ಕೋಟೆಗೆ ಮೆಟ್ರೊದಲ್ಲಿ ಹೋದೆವು, ತಾಜ್‌ಮಹಲ್ ನಿಲ್ದಾಣದಿಂದ ಒಂದೇ ನಿಲ್ದಾಣ. 2024ರ ಮಾರ್ಚ್‌ನಲ್ಲಿ ಶುರುವಾದ ಆ ಮಾರ್ಗದ ಪಟ್ಟಿಯಲ್ಲಿ ಕ್ಯಾಪ್ಟನ್ ಶುಭಂ ಗುಪ್ತಾ ಹೆಸರಿನ ನಿಲ್ದಾಣವಿದೆ. 2023ರ ನವೆಂಬರ್‌ನಲ್ಲಿ ರಾಜೌರಿಯ ಕಾಳಗದಲ್ಲಿ ಮಡಿದ ಆಗ್ರಾದ ಹುಡುಗ. ಅದೇ ಕಾಳಗದಲ್ಲಿ ನಮ್ಮ ಕರ್ನಾಟಕದ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಕೂಡ ಹೋದರು. ಮಕ್ಕಳಿಗೆ ಅದನ್ನು ಹೇಳಿದೆ. ಸ್ವಲ್ಪ ಹೊತ್ತು ನಾವ್ಯಾರೂ ಮಾತಾಡಲಿಲ್ಲ.

ಇಬ್ಬರ ಕೈಗೂ 300 ರೂಪಾಯಿಯ ಒಂದೊಂದು ಕವರ್ ಕೊಟ್ಟಿದ್ದೆ. ಏನು ಕೊಂಡರೂ ಅದರಲ್ಲೇ, ಉಳಿದದ್ದು ಅವರದೇ. ಕೇಳಿ ಕೇಳಿ ಕೊಡಿಸುವ ಜಗಳ ಅಲ್ಲಿಗೆ ನಿಂತಿತು. ಮಗ ಪೇಠಾದ ಅಂಗಡಿಯಲ್ಲಿ ರುಚಿ ನೋಡಿ, ಅದು ಬೂದುಗುಂಬಳದ್ದು ಎಂದು ತಿಳಿದು, "ಅಜ್ಜಿ ಕಾಶಿ ಹಲ್ವಾ ಮಾಡೋ ಕಾಯಿ!" ಎಂದು ಅರ್ಧ ಕಿಲೋ ಕೊಂಡ. ಮಗಳು ಮೂರು ಅಂಗಡಿಯಲ್ಲಿ ಅಮೃತಶಿಲೆಯ ಡಬ್ಬಿಯ ಬೆಲೆ ಕೇಳಿ, ಕೊನೆಗೆ ಯಾವುದನ್ನೂ ಕೊಳ್ಳದೆ ಕವರನ್ನು ಹಾಗೇ ತಂದಳು. ಎಲ್ಲ ಸೇರಿ 8,920 ಆಯಿತು. ಹಿಂದೆ ನಾವು 2,000 ಬಡ್ಡಿ ತೆತ್ತಿದ್ದೆವು. ಈ ಸಲ ಬ್ಯಾಂಕೇ ಮುನ್ನೂರರ ಆಸುಪಾಸು ಕೊಟ್ಟಿತು. ಮಿಕ್ಕಿದ್ದನ್ನು ಹೊಸ ಆರ್‌ಡಿಯ ಮೊದಲ ಕಂತಿಗೆ ಹಾಕಿದೆ.

ಮೇ ತಿಂಗಳಲ್ಲಿ ಊರಿಗೆ ಹೊರಟಾಗ ಕರ್ನಾಟಕ ಎಕ್ಸ್‌ಪ್ರೆಸ್ ರಾತ್ರಿ ಆಗ್ರಾ ಕಂಟೋನ್ಮೆಂಟ್‌ನಲ್ಲಿ ನಿಂತಿತು. ಮಲಗಿದ್ದಾನೆ ಅಂದುಕೊಂಡಿದ್ದ ಮಗ ಮೇಲಿನ ಬರ್ತ್‌ನಿಂದ ತಲೆ ಇಳಿಬಿಟ್ಟು ಕೇಳಿದ: "ಅಮ್ಮಾ, ತಾಜ್‌ಗಂಜ್‌ಗೆ ಈ ತಿಂಗಳ ಸಾವಿರ ಹೋಯ್ತಾ?"

"ಐದನೇ ತಾರೀಕೇ ಹೋಯ್ತು, ಮಲಗು" ಎಂದೆ.