ಸರ್ವರ್‌ಗೆ ಬೇಕಾದಷ್ಟೇ ಫ್ರೀಬಿಎಸ್‌ಡಿ

ಫ್ರೀಬಿಎಸ್‌ಡಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಬೆಳೆದ ಯುನಿಕ್ಸ್ ವಂಶದ ಮುಕ್ತ ಕಾರ್ಯಾಚರಣ ವ್ಯವಸ್ಥೆ. 1993ರಲ್ಲಿ ಮೊದಲ ಆವೃತ್ತಿ ಹೊರಬಂದಾಗ ಅದನ್ನು ಸಿಡಿಗಳಲ್ಲಿ ಹಂಚಿದ್ದು ವಾಲ್ನಟ್ ಕ್ರೀಕ್ ಸಿಡಿರಾಮ್ ಕಂಪನಿ. ಈಗ ಒಂದು ಪೆನ್‌ಡ್ರೈವ್ ಇದ್ದರೆ ಸಾಕು.

ಇಂಟೆಲ್ ಅಥವಾ ಎಎಮ್‌ಡಿ ಯಂತ್ರಕ್ಕೆ ಅಧಿಕೃತ ತಾಣದಿಂದ 14ನೇ ಸರಣಿಯ 'ಎಎಮ್‌ಡಿ64 ಮೆಮ್‌ಸ್ಟಿಕ್' ಕಡತವನ್ನು ಇಳಿಸಿಕೊಂಡು, ಅದರ ಚೆಕ್‌ಸಮ್ ತಾಳೆ ನೋಡಿ, ಪೆನ್‌ಡ್ರೈವ್‌ಗೆ ಬರೆಯಬೇಕು. ಬರೆಯುವಾಗ ಡಿಸ್ಕಿನ ಹೆಸರು ತಪ್ಪಿದರೆ ಬೇರೆ ಡಿಸ್ಕಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ.

ಯಂತ್ರವನ್ನು ಪೆನ್‌ಡ್ರೈವ್‌ನಿಂದ ಆರಂಭಿಸಿದರೆ ಇನ್‌ಸ್ಟಾಲರ್ ಕೀಬೋರ್ಡ್ ವಿನ್ಯಾಸವನ್ನೂ ಯಂತ್ರದ ಹೆಸರನ್ನೂ ಕೇಳುತ್ತದೆ. ಮುಂದೆ ಬರುವ ಐಚ್ಛಿಕ ಭಾಗಗಳ ಪಟ್ಟಿಯಲ್ಲಿ ಡಿಬಗ್ ಕಡತ, 32 ಬಿಟ್ ಲೈಬ್ರರಿ, ಪೋರ್ಟ್ಸ್, ಸೋರ್ಸ್, ಟೆಸ್ಟ್ ಎಲ್ಲದರ ಗುರುತನ್ನೂ ತೆಗೆಯಬಹುದು. ಕರ್ನಲ್ ಮತ್ತು ಮೂಲ ವ್ಯವಸ್ಥೆ ಇಷ್ಟರಿಂದಲೇ ಸರ್ವರ್ ನಡೆಯುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ಡಿಸ್ಕಿನ ಕಡತ ವ್ಯವಸ್ಥೆಯ ಆಯ್ಕೆ. ಮೆಮೊರಿ ತೀರ ಕಡಿಮೆಯಿದ್ದರೆ ಯುಎಫ್‌ಎಸ್ ಸಾಕು. ಇಲ್ಲವಾದರೆ ಝಡ್‌ಎಫ್‌ಎಸ್ ಮೇಲು. ಝಡ್‌ಎಫ್‌ಎಸ್ ಬಳಕೆಯಲ್ಲಿರುವ ದತ್ತಾಂಶದ ಮೇಲೆಯೇ ಬರೆಯದೆ ಹೊಸ ಜಾಗದಲ್ಲಿ ಬರೆಯುತ್ತದೆ. ಕಾಡ್ಗಿಚ್ಚಿನ ಭಯಕ್ಕೆ ವಿದ್ಯುತ್ ಕಡಿತವಾಗುವ ಕ್ಯಾಲಿಫೋರ್ನಿಯಾದ ಬೇ ಏರಿಯಾದಂಥ ಕಡೆ ಈ ಗುಣಕ್ಕೆ ಬೆಲೆಯಿದೆ: ಕರೆಂಟು ಹಠಾತ್ತನೆ ಹೋದರೂ ಕಡತ ವ್ಯವಸ್ಥೆ ಕೆಡದೆ ಉಳಿಯುತ್ತದೆ. ಅಪ್‌ಡೇಟ್ ಕೈಕೊಟ್ಟರೆ ವ್ಯವಸ್ಥೆಯ ಉಳಿಸಿಟ್ಟ ಹಿಂದಿನ ಸ್ಥಿತಿಗೆ, ಅಂದರೆ ಹಿಂದಿನ ಬೂಟ್ ಎನ್‌ವಿರಾನ್‌ಮೆಂಟ್‌ಗೆ, ಮರಳಲೂ ಬರುತ್ತದೆ. ಒಂದೇ ಡಿಸ್ಕಿದ್ದರೆ 'ಸ್ಟ್ರೈಪ್', ಎರಡಿದ್ದರೆ 'ಮಿರರ್' ಆರಿಸಬೇಕು. ಡಿಸ್ಕ್ ಕೆಟ್ಟಾಗ ಮಿರರ್ ದತ್ತಾಂಶವನ್ನು ಕಾಯುತ್ತದೆಯೇ ಹೊರತು ಕೈತಪ್ಪಿ ಅಳಿಸಿದ ಕಡತವನ್ನಲ್ಲ. ಬ್ಯಾಕಪ್ ಬೇರೆಯೇ ಬೇಕು.

ರೂಟ್ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಆದಮೇಲೆ ಸಮಯವಲಯ ಆರಿಸಬೇಕು; ಬೇ ಏರಿಯಾದಲ್ಲಾದರೆ ಪೆಸಿಫಿಕ್. ಸೇವೆಗಳಲ್ಲಿ ದೂರದಿಂದ ಒಳಬರಲು ಬೇಕಾದ ಎಸ್‌ಎಸ್‌ಎಚ್‌ಡಿ, ಸಮಯ ಸರಿಹೊಂದಿಸುವ ಎನ್‌ಟಿಪಿಡಿ ಎರಡೇ ಸಾಕು. ಭದ್ರತೆಯ ಪಟ್ಟಿಯಲ್ಲಿ ಸಿಸ್‌ಲಾಗ್‌ನ ನೆಟ್‌ವರ್ಕ್ ಸಾಕೆಟ್ ಮುಚ್ಚುವ ಆಯ್ಕೆಯನ್ನು ಗುರುತಿಸುವುದು ಒಳ್ಳೆಯದು. ರೂಟ್ ಆಗಿ ಎಸ್‌ಎಸ್‌ಎಚ್ ಮೂಲಕ ಒಳಬರಲು ಫ್ರೀಬಿಎಸ್‌ಡಿ ಮೊದಲಿನಿಂದಲೇ ಬಿಡುವುದಿಲ್ಲ. ಆದ್ದರಿಂದ ಇನ್‌ಸ್ಟಾಲರ್‌ನಲ್ಲಿಯೇ ಒಬ್ಬ ಸಾಮಾನ್ಯ ಬಳಕೆದಾರನನ್ನು ಸೃಷ್ಟಿಸಿ, ರೂಟ್ ಆಗಿ ಬದಲಾಗಲು ಬಿಡುವ 'ವೀಲ್' ಗುಂಪಿಗೆ ಸೇರಿಸಬೇಕು. ಇದನ್ನು ಮರೆತರೆ ಪ್ರತಿ ಕೆಲಸಕ್ಕೂ ಯಂತ್ರದ ಮುಂದೆಯೇ ಹೋಗಿ ಕೂರಬೇಕಾಗುತ್ತದೆ.

ಪೆನ್‌ಡ್ರೈವ್ ತೆಗೆದು ಮರುಚಾಲನೆ ಮಾಡಿದೊಡನೆ 'ಫ್ರೀಬಿಎಸ್‌ಡಿ-ಅಪ್‌ಡೇಟ್' ಆದೇಶದಿಂದ ಭದ್ರತಾ ತಿದ್ದುಪಡಿಗಳನ್ನು ಹಾಕಬೇಕು. ವೆಬ್ ಸರ್ವರ್‌ನಂಥ ಉಳಿದ ತಂತ್ರಾಂಶಗಳನ್ನು 'ಪಿಕೆಜಿ' ತರಿಸಿಕೊಡುತ್ತದೆ. ಪಿಎಫ್ ಫೈರ್‌ವಾಲ್ ಚಾಲೂ ಮಾಡುವ ಮೊದಲು ಎಸ್‌ಎಸ್‌ಎಚ್‌ಗೆ ದಾರಿ ಬಿಡುವ ನಿಯಮ ಬರೆದಿಡಬೇಕು. 'ಸಾಕ್‌ಸ್ಟ್ಯಾಟ್' ಆದೇಶ ಯಾವ ಪೋರ್ಟುಗಳು ತೆರೆದಿವೆ ಎಂದು ತೋರಿಸುತ್ತದೆ. ಅಲ್ಲಿ ಗುರುತು ಸಿಗದ ಸೇವೆ ಕಂಡರೆ ಅದನ್ನು ನಿಲ್ಲಿಸಿಯೇ ಸರ್ವರನ್ನು ಇಂಟರ್ನೆಟ್ಟಿಗೆ ತೆರೆಯಬೇಕು.