ಸೆರೆಮನೆಯ ಗೋಡೆಯನ್ನು ದಾಟುವ ಮಾತು

ಅಂಗೈಗಿಂತ ತುಸು ದೊಡ್ಡದಾದ ಒಂದು ಚಪ್ಪಟೆ ಉಪಕರಣ. ಅದರ ಬೆನ್ನು ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ಕಿನದು. ಒಳಗಿನ ವಿದ್ಯುತ್ಕೋಶ, ತಾಮ್ರದ ಗೆರೆಗಳು, ಒಂದೊಂದು ತಿರುಪು ಸಹ ಹೊರಗಿನಿಂದಲೇ ಕಾಣುವುವು. ಅಂಗಡಿಯಲ್ಲಿ ಮಾರುವ ಟ್ಯಾಬ್ಲೆಟ್ಟುಗಳನ್ನು ನೋಡಿ ಬಲ್ಲ ನಮಗೆ ಇದು ಅರ್ಧ ತಯಾರಾದ ವಸ್ತುವಿನಂತೆ ತೋರುವುದು. ಆದರೆ ಇದನ್ನು ಬೇಕೆಂದೇ ಹೀಗೆ ಮಾಡಿದ್ದಾರೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸೆರೆಮನೆಗಳಲ್ಲಿ ಬಂದಿಗಳಿಗೆ ಕೊಡುವ ಟ್ಯಾಬ್ಲೆಟ್ಟುಗಳಲ್ಲಿ ಹಲವು ಇಂತಹವು. ಬೆಳಕು ಹಾಯುವ ಪೆಟ್ಟಿಗೆಯಲ್ಲಿ ಬ್ಲೇಡನ್ನಾಗಲಿ ಮಾದಕ ಪುಡಿಯನ್ನಾಗಲಿ ಬಚ್ಚಿಡುವುದು ಕಷ್ಟ. ಕಾವಲುಗಾರನು ಅದನ್ನು ಬಿಚ್ಚಬೇಕಾಗಿಲ್ಲ, ಎತ್ತಿ ನೋಡಿದರೆ ಸಾಕು.

ಈ ವಿಷಯವನ್ನು ತರಗತಿಯಲ್ಲಿ ಪ್ರಸ್ತಾಪಿಸಿದಾಗ ವಿದ್ಯಾರ್ಥಿಯೊಬ್ಬನು, "ಸಾರ್, ತಪ್ಪು ಮಾಡಿ ಜೈಲಿಗೆ ಹೋದವನಿಗೆ ಟ್ಯಾಬ್ಲೆಟ್ ಏಕೆ?" ಎಂದು ಕೇಳಿದನು. ಕೇಳಬೇಕಾದ ಪ್ರಶ್ನೆಯೇ. ಆ ದೇಶದಲ್ಲಿ ಬಂಧನದಲ್ಲಿರುವವರ ಸಂಖ್ಯೆ ಹದಿನೆಂಟು ಲಕ್ಷಕ್ಕೂ ಹೆಚ್ಚು. ರಾಜ್ಯಗಳ ಸೆರೆಮನೆಗಳಲ್ಲಿರುವವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ಹದಿನೆಂಟು ತುಂಬದ ಮಕ್ಕಳುಂಟು. ಆ ಮಕ್ಕಳು ಯಾವ ತಪ್ಪನ್ನೂ ಮಾಡಿದವರಲ್ಲ. ಮಿನ್ನೆಸೋಟ ರಾಜ್ಯದ ಬಂದೀಖಾನೆ ಇಲಾಖೆಯು 2003ರಿಂದ 2007ರವರೆಗೆ ಬಿಡುಗಡೆಯಾದ 16,000ಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಒಂದು ವರದಿಯನ್ನು ಹೊರತಂದಿತು. ಸೆರೆಯಲ್ಲಿದ್ದಾಗ ಬಂಧುಮಿತ್ರರ ಭೇಟಿ ದೊರೆತವರು ಮತ್ತೆ ಅಪರಾಧಕ್ಕೆ ಶಿಕ್ಷಿತರಾಗುವ ಸಂಭವವು ಉಳಿದವರಿಗಿಂತ ನೂರಕ್ಕೆ 13ರಷ್ಟು ಕಡಿಮೆಯೆಂದು ಅದರಲ್ಲಿ ಕಂಡುಬಂತು. ಭೇಟಿಯೇ ಇದಕ್ಕೆ ಕಾರಣವೋ, ಅಥವಾ ಭೇಟಿಗೆ ಬರುವಂತಹ ಬಂಧುಗಳನ್ನು ಪಡೆದಿರುವುದೇ ಕಾರಣವೋ ಎಂದು ಭೌತಶಾಸ್ತ್ರದ ವಿದ್ಯಾರ್ಥಿಯು ಸಂಶಯಿಸಬೇಕಾದುದು ನ್ಯಾಯ. ಆದರೂ ಸಂಬಂಧವನ್ನು ಕಡಿಯುವುದರಿಂದ ಸಮಾಜಕ್ಕೆ ಲಾಭವುಂಟೆಂದು ಹೇಳುವ ವರದಿಯಂತೂ ಅದಲ್ಲ.

ಈ ಉಪಕರಣದ ಮೂಲಕ ಪತ್ರವೊಂದು ಹೇಗೆ ಪ್ರಯಾಣ ಮಾಡುವುದೆಂಬುದನ್ನು ಈಗ ನೋಡೋಣ. ಊರಿನಲ್ಲಿರುವ ತಾಯಿ ತನ್ನ ಫೋನಿನಲ್ಲಿ ಪತ್ರವನ್ನು ಟೈಪು ಮಾಡುವಳು. ಅದು ನೇರವಾಗಿ ಮಗನ ಟ್ಯಾಬ್ಲೆಟ್ಟಿಗೆ ಹೋಗುವುದಿಲ್ಲ. ಜೇಪೇ, ಸೆಕ್ಯೂರಸ್, ವಯಾಪಾತ್ ಮೊದಲಾದ ಖಾಸಗಿ ಕಂಪನಿಗಳು ಸೆರೆಮನೆಗಳೊಡನೆ ಒಪ್ಪಂದ ಮಾಡಿಕೊಂಡು ಈ ಸೇವೆಯನ್ನು ನಡೆಸುತ್ತವೆ. ಪತ್ರವು ಮೊದಲು ಅಂತಹ ಕಂಪನಿಯ ಗಣಕದಲ್ಲಿ ಇಳಿಯುವುದು. ಅಲ್ಲಿ ಯಂತ್ರವು ಕೆಲವು ಪದಗಳನ್ನು ಹುಡುಕುವುದು. ಸಂಶಯ ಬಂದ ಪತ್ರವನ್ನು ಸಿಬ್ಬಂದಿ ಓದುವರು. ಅನುಮತಿ ದೊರೆತ ಮೇಲೆ ಮಾತ್ರ ಅದು ಸೆರೆಮನೆಯ ಒಳಗಿನ ಜಾಲಕ್ಕೆ ಬರುವುದು. ಹಿಂದಿನ ಮಾದರಿಗಳಲ್ಲಿ ಬಂದಿಯು ಗೋಡೆಗೆ ಬಿಗಿದ ಒಂದು ಯಂತ್ರದ ಬಳಿಗೆ ಹೋಗಿ, ತಂತಿಯಿಂದ ತನ್ನ ಉಪಕರಣವನ್ನು ಅದಕ್ಕೆ ಜೋಡಿಸಿ, ಬಾವಿಯಿಂದ ಕೊಡಕ್ಕೆ ನೀರು ತುಂಬಿಕೊಳ್ಳುವಂತೆ ಪತ್ರಗಳನ್ನು ತುಂಬಿಕೊಳ್ಳಬೇಕಾಗಿತ್ತು. ಈಚಿನವುಗಳಿಗೆ ತಂತಿಯಿಲ್ಲದ ಜಾಲವುಂಟು. ಆದರೆ ಅದು ಇಂಟರ್ನೆಟ್ ಅಲ್ಲ. ಮೊದಲೇ ಪಟ್ಟಿ ಮಾಡಿದ ಕೆಲವೇ ವಿಳಾಸಗಳನ್ನು ಹೊರತು ಬೇರೆಲ್ಲಿಗೂ ಅದರಲ್ಲಿ ದಾರಿಯಿಲ್ಲ.

ಇಷ್ಟು ಸುತ್ತುಬಳಸಿನ ಬದಲು ಸಾಧಾರಣ ಮೊಬೈಲ್ ಫೋನನ್ನೇ ಕೊಟ್ಟರಾಗದೆ ಎಂದು ವಾಚಕರು ಕೇಳಬಹುದು. ಯಾರೊಡನೆ ಯಾವ ಮಾತಾಯಿತೆಂಬುದು ಕಾವಲಿನವರಿಗೆ ತಿಳಿಯದು ಎಂಬುದೇ ಅಲ್ಲಿನ ತೊಡಕು. ಕದ್ದು ಒಳಗೆ ತಂದ ಮೊಬೈಲುಗಳು ಎಲ್ಲ ದೇಶಗಳ ಸೆರೆಮನೆಗಳಿಗೂ ತಲೆನೋವಾಗಿವೆ. ಅವುಗಳ ಬಾಯಿ ಕಟ್ಟಲು ಇರುವ ಒಂದು ಉಪಾಯವು ಜಾಮರ್. ಫೋನು ಬಳಸುವ ಆವೃತ್ತಿಯಲ್ಲಿಯೇ ಬಲವಾದ ಗದ್ದಲವನ್ನೆಬ್ಬಿಸುವ ಪ್ರೇಷಕ ಅದು. ಜಾತ್ರೆಯ ತಮಟೆಯ ನಡುವೆ ಪಿಸುಮಾತು ಹೇಗೋ ಹಾಗೆ ಗೋಪುರದ ಸಂಕೇತವು ಆ ಗದ್ದಲದಲ್ಲಿ ಅಡಗಿಹೋಗುವುದು. ಆದರೆ ವಿದ್ಯುತ್ಕಾಂತ ತರಂಗಗಳಿಗೆ ಸೆರೆಮನೆಯ ಎಲ್ಲೆಕಟ್ಟು ತಿಳಿಯದು. ದೂರ ಇಮ್ಮಡಿಯಾದರೆ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದು ನಿಜ. ಗೋಡೆಯ ಬುಡದಲ್ಲಿ ಥಟ್ಟನೆ ಸೊನ್ನೆಯಾಗುವುದಿಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದ ಸುತ್ತಲಿನ ನಿವಾಸಿಗಳು ತಮ್ಮ ಫೋನುಗಳಿಗೂ ಸಂಕೇತ ಸಿಗದಾಗಿದೆಯೆಂದು ದೂರಿದ್ದು ಇದೇ ಕಾರಣದಿಂದ.

ಅಮೆರಿಕದಲ್ಲಿ 1934ರ ಸಂಪರ್ಕ ಕಾಯಿದೆಯು ಇಂತಹ ಗದ್ದಲವನ್ನು ನಿಷೇಧಿಸಿತು. ರಾಜ್ಯಗಳ ಸೆರೆಮನೆಗಳಿಗೆ ಅದನ್ನು ಸಡಿಲಿಸುವ ಪ್ರಸ್ತಾವವು ಮುಂದೆ ಬಂದದ್ದು 2025ರಲ್ಲಿ. ಆದ್ದರಿಂದ ಮಿಸಿಸಿಪಿ ರಾಜ್ಯದ ಪಾರ್ಚ್‌ಮನ್ ಸೆರೆಮನೆಯಲ್ಲಿ 2010ರಲ್ಲಿ ಇನ್ನೊಂದು ಜಾಣತನವನ್ನು ಹೂಡಿದರು. ಅಲ್ಲಿ ಗದ್ದಲದ ಬದಲಿಗೆ ಸೆರೆಮನೆಯ ಒಳಗೆ ಒಂದು ಚಿಕ್ಕ ಗೋಪುರವನ್ನೇ ನಿಲ್ಲಿಸಿದರು. ಹತ್ತಿರದ ಬಲವಾದ ಸಂಕೇತವನ್ನು ಹಿಡಿಯುವುದು ಫೋನಿನ ಸ್ವಭಾವ. ಕಳ್ಳ ಫೋನು ತಾನಾಗಿ ಬಂದು ಆ ಗೋಪುರದ ಕೈಸೇರುವುದು. ಪಟ್ಟಿಯಲ್ಲಿ ಅದರ ಸಂಖ್ಯೆಯಿಲ್ಲದಿದ್ದರೆ ಕರೆಯು ಮುಂದಕ್ಕೆ ಸಾಗದು.

ನಮ್ಮ ದೇಶದಲ್ಲಿ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ರೂಪಿಸಿದ ಇ-ಮುಲಾಕಾತ್ ವ್ಯವಸ್ಥೆಯಿಂದ, ಮೊದಲೇ ಹೆಸರು ನೋಂದಾಯಿಸಿಕೊಂಡ ಬಂಧುಗಳು ವಿಡಿಯೋ ಮೂಲಕ ಬಂದಿಯನ್ನು ಕಾಣಬಹುದು. 2020ರ ಕೊರೋನಾ ಕಾಲದಲ್ಲಿ ಮುಖಾಮುಖಿ ಭೇಟಿಗಳು ನಿಂತಾಗ ಅದರ ಬಳಕೆ ಹೆಚ್ಚಿತು. ಅದರ ಕಥೆಯನ್ನು ಬೇರೆಯಾಗಿಯೇ ಬರೆಯಬೇಕು.

ಇನ್ನು ಲೆಕ್ಕಕ್ಕೆ ಬರೋಣ. ವಾಚಕರು ಕಾಗದ ಪೆನ್ಸಿಲನ್ನು ಕೈಗೆ ತೆಗೆದುಕೊಳ್ಳಲಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಗಣಕವು 8 ಬಿಟ್‌ಗಳನ್ನು ವೆಚ್ಚಮಾಡುವುದು. 2,000 ಅಕ್ಷರಗಳ ಪತ್ರವೆಂದರೆ 16,000 ಬಿಟ್. ದೂರವಾಣಿಯ ಧ್ವನಿಯೋ ಬೇರೆ. ಫೋನಿನಲ್ಲಿ ಸಾಗಿಸುವ ಧ್ವನಿಯ ಆವೃತ್ತಿ ಸೆಕೆಂಡಿಗೆ ಸುಮಾರು 3,400 ಕಂಪನಗಳವರೆಗೆ. ತರಂಗವೊಂದನ್ನು ಸಂಖ್ಯೆಗಳಿಂದ ಮತ್ತೆ ಕಟ್ಟಬೇಕಾದರೆ ಅದರ ಗರಿಷ್ಠ ಆವೃತ್ತಿಯ ಇಮ್ಮಡಿಗಿಂತ ಹೆಚ್ಚು ಬಾರಿ ಅದನ್ನು ಅಳೆಯಬೇಕು. ಆದ್ದರಿಂದ ಸೆಕೆಂಡಿಗೆ 8,000 ಅಳತೆ, ಒಂದೊಂದಕ್ಕೆ 8 ಬಿಟ್, ಒಟ್ಟು 64,000. ಸೆರೆಮನೆಯ ಕರೆಗೆ ಸಾಮಾನ್ಯವಾಗಿ ಕೊಡುವ 15 ನಿಮಿಷಕ್ಕೆ ಇದು 5 ಕೋಟಿ 76 ಲಕ್ಷ ಬಿಟ್ ಆಗುವುದು. ಎಂದರೆ ಒಂದು ಕರೆಯ ಜಾಗದಲ್ಲಿ 3,600 ಪತ್ರಗಳು ಹಿಡಿಯುತ್ತವೆ! ಅದೇ ತಂತಿಯಲ್ಲಿ ನಮ್ಮ ಪತ್ರವು ಸಾಗಲು ಕಾಲು ಸೆಕೆಂಡು ಸಾಕು. ಹಾಗಿದ್ದೂ ಅದು ಮಗನ ಕೈಸೇರಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿಯುವುವು. ಈ ತಡವು ತಂತಿಯದಲ್ಲ, ತಪಾಸಣೆಯದು.

ಬೆಲೆಯಾದರೂ ಬಿಟ್‌ಗಳನ್ನು ಅನುಸರಿಸುವುದೆ? ಅದೂ ಇಲ್ಲ. ಜೇಪೇ ಕಂಪನಿಯು ವಿದ್ಯುನ್ಮಾನ ಪತ್ರಕ್ಕೂ "ಅಂಚೆಚೀಟಿ"ಯನ್ನು ಮಾರುತ್ತದೆ. ಚಿತ್ರವನ್ನು ಲಗತ್ತಿಸಿದರೆ ಇನ್ನೊಂದು ಚೀಟಿ. 30 ಸೆಕೆಂಡಿನ ವಿಡಿಯೋ ಪತ್ರಕ್ಕೆ ಮತ್ತೂ ಹೆಚ್ಚು. ತೂಕವೇ ಇಲ್ಲದ ಪತ್ರಕ್ಕೆ ಚೀಟಿ ಹಚ್ಚುವುದು ನಮಗೆ ವಿಚಿತ್ರವಾಗಿ ಕಂಡಿತು.

ಕೇಂದ್ರ ಸರ್ಕಾರದ ಸೆರೆಮನೆಗಳ ಟ್ರುಲಿಂಕ್ಸ್ ಎಂಬ ವ್ಯವಸ್ಥೆಯು ಇನ್ನೂ ವಿಚಿತ್ರ. ಅಲ್ಲಿ ಪತ್ರಕ್ಕೆ ಬೆಲೆಯಿಲ್ಲ, ಗಣಕದ ಮುಂದೆ ಕುಳಿತ ಕಾಲಕ್ಕೆ ಬೆಲೆ: ನಿಮಿಷಕ್ಕೆ 5 ಸೆಂಟ್. 500 ಪದಗಳ ಪತ್ರವನ್ನು ನಿಮಿಷಕ್ಕೆ 40 ಪದದಂತೆ ಟೈಪು ಮಾಡಬಲ್ಲವನು ಹನ್ನೆರಡೂವರೆ ನಿಮಿಷದಲ್ಲಿ ಮುಗಿಸುವನು. ವೆಚ್ಚ 62 ಸೆಂಟಿನ ಆಸುಪಾಸು. ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುತ್ತ ನಿಮಿಷಕ್ಕೆ 10 ಪದ ಬರೆಯುವವನಿಗೆ 50 ನಿಮಿಷ ಬೇಕು, ಎರಡೂವರೆ ಡಾಲರ್. ಈ ಸೆರೆಮನೆಗಳೊಳಗಿನ ಸಾಮಾನ್ಯ ಕೆಲಸಗಳಿಗೆ ಗಂಟೆಗೆ 12ರಿಂದ 40 ಸೆಂಟ್ ಕೂಲಿ. ಕೆಳಗಿನ ಕೂಲಿಯವನು ಆ ಒಂದು ಪತ್ರಕ್ಕಾಗಿ ಇಪ್ಪತ್ತು ಗಂಟೆಗೂ ಹೆಚ್ಚು ದುಡಿಯಬೇಕಾಯಿತು. ಶಾಲೆಗೆ ಕಡಿಮೆ ಹೋದವನೇ ಹೆಚ್ಚು ತೆರುವ ಏರ್ಪಾಡು ಇದು. ಇದನ್ನು ರೂಪಿಸಿದವರಿಗೆ ಈ ಸಣ್ಣ ಗುಣಾಕಾರ ಹೊಳೆಯಲಿಲ್ಲವೆಂದು ನಂಬುವುದು ನಮಗೆ ಕಷ್ಟ.

ಪತ್ರವನ್ನು ಬರೆಯಲೂ ಓದಲೂ ಆಗದವರ ಗತಿಯೇನು? ವಾಷಿಂಗ್‌ಟನ್ನಿನಲ್ಲಿದ್ದ ಮಾರ್ಥಾ ರೈಟ್ ಎಂಬ ನಿವೃತ್ತ ದಾದಿಗೆ ಕಣ್ಣು ಕಾಣುತ್ತಿರಲಿಲ್ಲ. ಮೊಮ್ಮಗನು ದೂರದ ಸೆರೆಮನೆಯಲ್ಲಿದ್ದನು. ಅಜ್ಜಿಗೆ ಉಳಿದಿದ್ದುದು ಫೋನು ಒಂದೇ. ಆ ಕಾಲದಲ್ಲಿ ಕೆಲವೆಡೆ 15 ನಿಮಿಷದ ಕರೆಗೆ 17 ಡಾಲರಿನವರೆಗೆ ತೆರಬೇಕಾಗಿತ್ತು. ಸೆರೆಮನೆಯೊಂದಕ್ಕೆ ಒಂದೇ ಕಂಪನಿ; ಆ ಕಂಪನಿಯು ತನ್ನ ವರಮಾನದಲ್ಲಿ ಒಂದು ಪಾಲನ್ನು ಸೆರೆಮನೆಯ ಆಡಳಿತಕ್ಕೆ ಕೊಡುವುದು; ಪಾಲು ಹೆಚ್ಚು ಕೊಡುವವನಿಗೆ ಗುತ್ತಿಗೆ. ದರ ಇಳಿಯುವುದಾದರೂ ಹೇಗೆ? ಆಕೆ 2000ದಲ್ಲಿ ನ್ಯಾಯಾಲಯಕ್ಕೆ ಹೋದರು. ಅಲ್ಲಿಂದ 2003ರಲ್ಲಿ ಮೊಕದ್ದಮೆಯು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿನ ಮುಂದೆ ಅರ್ಜಿಯಾಗಿ ಬಂತು. ಆಯೋಗವು ರಾಜ್ಯಗಳ ನಡುವಣ ಕರೆಗಳಿಗೆ ನಿಮಿಷಕ್ಕೆ 21 ಸೆಂಟ್, ಕರೆ ಸ್ವೀಕರಿಸಿದವರೇ ಹಣ ತೆರುವುದಾದರೆ 25 ಸೆಂಟ್ ಎಂದು ಮಿತಿ ಹಾಕಿದ್ದು 2013ರಲ್ಲಿ. ಅಜ್ಜಿಯು 2015ರಲ್ಲಿ ತೀರಿಕೊಂಡರು. ರಾಜ್ಯದ ಒಳಗಿನ ಕರೆಗಳಿಗೂ ಮಿತಿ ಹಾಕಹೊರಟಾಗ ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು 2017ರಲ್ಲಿ ನ್ಯಾಯಾಲಯ ಹೇಳಿತು. ಆ ಅಧಿಕಾರವನ್ನು ಕೊಡುವ, ಆಕೆಯ ಹೆಸರನ್ನೇ ಹೊತ್ತ ಕಾಯಿದೆಗೆ ಅಧ್ಯಕ್ಷರ ಸಹಿ ಬಿದ್ದುದು 2023ರ ಜನವರಿಯಲ್ಲಿ. 2024ರಲ್ಲಿ ಆಯೋಗವು ದೊಡ್ಡ ಸೆರೆಮನೆಗಳ ಕರೆಗೆ ನಿಮಿಷಕ್ಕೆ 6 ಸೆಂಟಿನ ಮಿತಿಯನ್ನು ಗೊತ್ತುಮಾಡಿತು. ಮೊದಲ ಬಾರಿಗೆ ವಿಡಿಯೋ ಕರೆಯನ್ನೂ ಮಿತಿಗೆ ಒಳಪಡಿಸಿತು. 2025ರಲ್ಲಿ ಅದೇ ಆಯೋಗವು ಜಾರಿಯನ್ನು ಮುಂದೂಡಿ, ಬಳಿಕ ಮಿತಿಯನ್ನೂ ಏರಿಸಿತು. ಇತ್ತ ಕನೆಕ್ಟಿಕಟ್ ರಾಜ್ಯವು 2021ರ ಕಾನೂನಿನಿಂದ, ಕ್ಯಾಲಿಫೋರ್ನಿಯ 2023ರಿಂದ, ಸೆರೆಮನೆಯ ಕರೆಗಳನ್ನು ಉಚಿತ ಮಾಡಿದವು. ಬಿಟ್‌ಗಳು ಎಲ್ಲ ಕಡೆಯೂ ಅಷ್ಟೇ ಎಂಬುದನ್ನು ವಾಚಕರು ಗಮನಿಸಬೇಕು.

ಗಣಕಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಒಂದು ಪ್ರಸಂಗ. 2018ರ ಜುಲೈಯಲ್ಲಿ ಐಡಹೋ ರಾಜ್ಯದ ಅಧಿಕಾರಿಗಳು ಒಂದು ವಿಷಯವನ್ನು ಪ್ರಕಟಿಸಿದರು. 364 ಮಂದಿ ಬಂದಿಗಳು ಜೇಪೇ ಟ್ಯಾಬ್ಲೆಟ್ಟಿನ ತಂತ್ರಾಂಶದಲ್ಲಿದ್ದ ಒಂದು ದೋಷವನ್ನು ಕಂಡುಹಿಡಿದು, ತಮ್ಮ ಖಾತೆಗಳಿಗೆ ಒಟ್ಟು ಸುಮಾರು 2 ಲಕ್ಷ 25 ಸಾವಿರ ಡಾಲರನ್ನು ಬರೆದುಕೊಂಡಿದ್ದರು! ಅವರಲ್ಲಿ ಒಬ್ಬನ ಪಾಲು 10,000ಕ್ಕೆ ಸ್ವಲ್ಪವೇ ಕಡಿಮೆ. ಇದು ಸರ್ಕಾರದ ಬೊಕ್ಕಸದ ಹಣವಲ್ಲ; ಹಾಡು, ಆಟ, ಪತ್ರಗಳನ್ನು ಕೊಳ್ಳುವ ಅಂಕಿ ಮಾತ್ರ. ಗೋಡೆ, ಬೀಗ, ಪಾರದರ್ಶಕ ಪೆಟ್ಟಿಗೆ ಎಲ್ಲವೂ ಸರಿಯಾಗಿಯೇ ಇದ್ದುವು. ಲೆಕ್ಕದ ಪುಸ್ತಕಕ್ಕೆ ಮಾತ್ರ ಬೀಗವಿರಲಿಲ್ಲ. ಕಂಪನಿಯು ನಷ್ಟ ತುಂಬುವವರೆಗೆ ಅವರಿಗೆ ಹಾಡು, ಆಟಗಳನ್ನು ನಿಲ್ಲಿಸಿತು. ಪತ್ರವನ್ನು ಮಾತ್ರ ನಿಲ್ಲಿಸಲಿಲ್ಲ. ಇದನ್ನು ಓದಿದಾಗ ನಮಗೆ ಸಂತೋಷವಾಯಿತು.

ಕೊನೆಯದಾಗಿ ಕಾಗದದ ಪತ್ರದ ವಿಚಾರ. ಪೆನ್ಸಿಲ್ವೇನಿಯ ರಾಜ್ಯವು 2018ರ ಸೆಪ್ಟೆಂಬರಿನಲ್ಲಿ, ಮಾದಕದ್ರವವನ್ನು ಕಾಗದಕ್ಕೆ ಹೀರಿಸಿ ಕಳುಹಿಸುತ್ತಾರೆಂಬ ಕಾರಣದಿಂದ, ಬಂದಿಗಳ ಖಾಸಗಿ ಅಂಚೆಯನ್ನೆಲ್ಲ ಫ್ಲಾರಿಡದಲ್ಲಿರುವ ಒಂದು ಕಂಪನಿಗೆ ತಿರುಗಿಸಿತು. ಅಲ್ಲಿ ಪತ್ರವನ್ನು ಸ್ಕ್ಯಾನ್ ಮಾಡಿ, ಪ್ರತಿಯನ್ನು ಬಂದಿಗೆ ಕಳುಹಿಸಿ, ಮೂಲವನ್ನು ಕೆಲಕಾಲದ ಬಳಿಕ ನಾಶಮಾಡುವರು. ಮುಂದೆ ಬೇರೆ ರಾಜ್ಯಗಳಲ್ಲಿಯೂ ಈ ಪದ್ಧತಿ ಹರಡಿತು. ಕೆಲವೆಡೆ ಪ್ರತಿಯನ್ನು ಟ್ಯಾಬ್ಲೆಟ್ಟಿನಲ್ಲಿಯೇ ನೋಡಬೇಕು.

ಎಂಟೂವರೆ ಅಂಗುಲ ಅಗಲ, ಹನ್ನೊಂದು ಅಂಗುಲ ಉದ್ದದ ಹಾಳೆಯನ್ನು ಅಂಗುಲಕ್ಕೆ 200 ಚುಕ್ಕೆಯಂತೆ ಓದಿದರೆ 37 ಲಕ್ಷ 40 ಸಾವಿರ ಚುಕ್ಕೆಗಳು. ಕಪ್ಪು ಅಥವಾ ಬಿಳುಪು ಎಂದು ಒಂದೊಂದಕ್ಕೆ ಒಂದೇ ಬಿಟ್ ಕೊಟ್ಟರೂ, ಇದು ಟೈಪು ಮಾಡಿದ ಪತ್ರದ 234 ಪಟ್ಟು. ತಾಯಿಯ ಕೈಬರಹದ ಓರೆ, ಹೊಡೆದುಹಾಕಿದ ಪದ, ಅಂಚಿನಲ್ಲಿ ಅಡ್ಡಲಾಗಿ ಸೇರಿಸಿದ ಸಾಲು ಎಲ್ಲವೂ ಆ ಹೆಚ್ಚಿನ ಬಿಟ್‌ಗಳಲ್ಲಿವೆ. ಆದರೆ ಕಪ್ಪೋ ಬಿಳುಪೋ ಎಂಬ ತೀರ್ಮಾನಕ್ಕೆ ಯಂತ್ರವು ಒಂದು ಗಡಿಯನ್ನು ಇಟ್ಟುಕೊಂಡಿರುವುದು. ಬೀಳುವ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಂದಿರುಗಿಸಿದ ಚುಕ್ಕೆ ಬಿಳುಪು ಎಂದು ಆ ಗಡಿಯಿದೆಯೆನ್ನೋಣ. ಶಾಯಿಯ ಗೆರೆ ಉಳಿಯುವುದು. ಮಗುವೊಂದು ಅಪ್ಪನಿಗಾಗಿ ಹಗುರವಾಗಿ ಪೆನ್ಸಿಲಿನಿಂದ ಬರೆದ ಚಿತ್ರವು ಬೆಳಕಿನ ಬಹುಭಾಗವನ್ನು ಹಿಂದಿರುಗಿಸುವ ಕಾರಣ ಬಿಳಿಯ ಹಾಳೆಯಲ್ಲಿ ಬೆರೆತುಹೋಗುವುದು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದು ಹಾಳೆಯಲ್ಲಿ ಶಾಯಿಯಿಂದ ನಾಲ್ಕು ಸಾಲು ಬರೆದು, ಅದರ ಕೆಳಗೆ ಎಚ್‌ಬಿ ಪೆನ್ಸಿಲಿನಿಂದ ಒತ್ತದೆ ಒಂದು ಮನೆಯ ಚಿತ್ರವನ್ನು ಬಿಡಿಸಿ, ಹಳದಿ ಬಣ್ಣದ ಸೂರ್ಯನನ್ನೂ ಸೇರಿಸಿರಿ. ಅಂಗಡಿಯಲ್ಲಿ ಅದನ್ನು ಬೂದು ಛಾಯೆಯಲ್ಲಿ ಒಮ್ಮೆ, ಬರಿಯ ಕಪ್ಪು-ಬಿಳುಪಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿಸಿರಿ. ಎರಡು ಪ್ರತಿಗಳನ್ನೂ ಮೂಲದ ಪಕ್ಕದಲ್ಲಿಟ್ಟು ನೋಡಿರಿ. ಸಾಮಾನ್ಯವಾಗಿ ಸೂರ್ಯನೇ ಮೊದಲು ಮರೆಯಾಗುವನು.