ಹೆಪ್ಪು ಕೆಡದಂತೆ ನೋಡಿಕೊ

ಬೆಂಗಳೂರಿನ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ, ನಿನಗೆ ಆಪರೇಟರ್ ಕೆಲಸ ಸಿಕ್ಕಿತು ಅಂತ ನಿಮ್ಮಪ್ಪ ಫೋನ್ ಮಾಡಿದ್ದ, ಮಗಾ. ದನಿ ಇಳಿದಿತ್ತು. ಐಟಿಐ ಓದಿಸಿದ ಮಗ ಹೋಗಿ ಹೋಗಿ ಕಕ್ಕಸಿನ ನೀರಿನ ಹತ್ತಿರ ನಿಲ್ಲಬೇಕಾ ಅನ್ನೋ ಸಂಕಟ ಅವನದು. ಇಪ್ಪತ್ತೆಂಟು ವರ್ಷ ಅದೇ ನೀರಿನ ಹತ್ತಿರ ನಿಂತವನು ನಾನು. ಅವನಿಗೆ ಇಷ್ಟೇ ಹೇಳಿದೆ: ನಮ್ಮ ಕೆರೆಗೆ ನೀರು ಎಲ್ಲಿಂದ ಬರುತ್ತಿದೆ ಅಂತ ಒಂದು ಗಳಿಗೆ ಯೋಚನೆ ಮಾಡು.

ನೀನಾಗ ಶಾಲೆಯಲ್ಲಿದ್ದೆ. 2018ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಕೋಲಾರದ ಕಡೆಯ ಜನ ಜಾತ್ರೆಗೆ ಹೋದಂತೆ ನೋಡಲು ಹೋದರು. ಸಾವಿರ ಅಡಿ ಕೊರೆದರೂ ಬರೀ ದೂಳು ಕಂಡಿದ್ದ ಜನ ಅದು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡಿತು, ವಿಷಯ ಹೈಕೋರ್ಟ್‌ಗೆ ಹೋಯಿತು, ನೀರು ನಿಂತು ಆಮೇಲೆ ಮತ್ತೆ ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರಿನ ಯೋಜನೆ ಅದು. ಕೆರೆಯಲ್ಲಿ ನಿಂತು, ನೆಲಕ್ಕೆ ಇಂಗಿ, ಕೊಳವೆಬಾವಿಗೆ ಇಳಿಯುತ್ತದೆ. ಅಂದರೆ ನೀನು ಅಲ್ಲಿ ಬಿಟ್ಟ ನೀರು ಯಾವುದೋ ತಾಯಿ ಮೋಟಾರ್ ಹಾಕಿದಾಗ ಇಲ್ಲಿ ಬಿಂದಿಗೆಗೆ ಬರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳು.

ಪಂಪು, ಮೋಟಾರು, ಪ್ಯಾನೆಲ್ಲು ನಿನಗೆ ಗೊತ್ತು. ಆದರೆ ನೀರನ್ನು ತಿಳಿ ಮಾಡುವುದು ಯಂತ್ರ ಅಲ್ಲ ಕಣಪ್ಪ, ಗಾಳಿ ಊದುವ ತೊಟ್ಟಿಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು. ಹೊಲಸೇ ಅವುಗಳ ಊಟ. ತಿಂದು, ಬೆಳೆದು, ಒಂದಕ್ಕೊಂದು ಅಂಟಿಕೊಂಡು ಮುಂದಿನ ತೊಟ್ಟಿಯಲ್ಲಿ ತಳಕ್ಕೆ ಕೂರುತ್ತವೆ. ಮೇಲಿನ ತಿಳಿನೀರು ಹೊರಗೆ ಹೋಗುತ್ತದೆ. ತಳದ ಕೆಸರಿನಲ್ಲಿ ಒಂದು ಪಾಲನ್ನು ಮತ್ತೆ ಗಾಳಿ ತೊಟ್ಟಿಗೇ ತಿರುಗಿಸುತ್ತೇವೆ. ನಿಮ್ಮಮ್ಮ ಇವತ್ತಿನ ಮೊಸರಲ್ಲಿ ಒಂದು ಚಮಚ ಎತ್ತಿಟ್ಟು ನಾಳೆಯ ಹಾಲಿಗೆ ಹೆಪ್ಪು ಹಾಕುವುದಿಲ್ಲವಾ, ಹಾಗೆ. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಅನ್ನುವ ಇಬ್ಬರು ಕಂಡುಕೊಂಡದ್ದು ಇದನ್ನೇ. ಬರೀ ಗಾಳಿ ಊದಿದರೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ, ಹಳೆಯ ಕೆಸರನ್ನು ಚೆಲ್ಲದೆ ಉಳಿಸಿಕೊಂಡಾಗ ಗಂಟೆಗಳಿಗೆ ಇಳಿಯಿತು.

ಹೆಪ್ಪು ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ಪ್ರಯೋಗಾಲಯದ ವರದಿಗೆ ಕಾಯಬೇಡ. ನೀರಲ್ಲಿ ಎಷ್ಟು ಹೊಲಸು ಉಳಿದಿದೆ ಅಂತ ಹೇಳುವ ಬಿಒಡಿ ಪರೀಕ್ಷೆಗೆ ಮೂರು ದಿನ ಬೇಕು. ಅಷ್ಟರಲ್ಲಿ ಮೂರು ದಿನದ ನೀರು ಊರು ದಾಟಿರುತ್ತದೆ. ಒಂದು ಲೀಟರಿನ ಗಾಜಿನ ಜಾಡಿಗೆ ಗಾಳಿ ತೊಟ್ಟಿಯ ನೀರು ತುಂಬಿ, ಅಲ್ಲಾಡಿಸದೆ ಮೂವತ್ತು ನಿಮಿಷ ಇಡು. ಕೆಸರು 250–300 ಮಿಲಿಲೀಟರ್ ಗೆರೆಗೆ ಇಳಿದು, ಮೇಲಿನ ನೀರು ತಿಳಿಯಾಗಿದ್ದರೆ ನೆಮ್ಮದಿಯಾಗಿ ಟೀ ಕುಡಿ. 800ರಲ್ಲೇ ನಿಂತಿದ್ದರೆ ಎಲ್ಲೋ ತಪ್ಪಿದೆ. ಜಾಡಿ ಇಟ್ಟು ಆ ಕಡೆ ಹೋಗಬೇಡ, ಮೊದಲ ಐದು ನಿಮಿಷ ಪಕ್ಕದಲ್ಲೇ ಇದ್ದು ಹೇಗೆ ಇಳಿಯುತ್ತದೆ ಅಂತ ನೋಡು. ನನಗೆ ಈ ಕೆಲಸ ಕಲಿಸಿದ್ದು ಆ ಐದು ನಿಮಿಷಗಳೇ. ತೊಟ್ಟಿಯ ಬಣ್ಣ ಹದವಾದ ಕಂದು ಇರಬೇಕು, ವಾಸನೆ ಮೊದಲ ಮಳೆಗೆ ನೆನೆದ ಮಣ್ಣಿನಂತೆ ಇರಬೇಕು. ಕಪ್ಪಿಗೆ ತಿರುಗಿದರೆ ಜೀವಿಗಳಿಗೆ ಉಸಿರು ಸಾಲುತ್ತಿಲ್ಲ ಅಂತ. ಬಿಳಿ ನೊರೆ ಉಕ್ಕಿದರೆ ಹೆಪ್ಪು ಇನ್ನೂ ಎಳೆಯದು, ಜಿಡ್ಡು ಜಿಡ್ಡಾದ ಕಂದು ನೊರೆ ನಿಂತರೆ ಹಳೆಯ ಕೆಸರನ್ನು ಹೊರಗೆ ತೆಗೆಯದೆ ಬಹಳ ದಿನ ಕೂಡಿಟ್ಟಿದ್ದೀವಿ ಅಂತ.

ನಾನು ಕೆಲಸ ಮಾಡಿದ ಒಂದು ಊರಿನ ಘಟಕದಲ್ಲಿ ಹೆಪ್ಪು ಪೂರ್ತಿ ಸತ್ತಿತು. ರಾತ್ರಿ ಕರೆಂಟ್ ಹೋಯಿತು, ಜನರೇಟರಿಗೆ ಡೀಸೆಲ್ ಇರಲಿಲ್ಲ, ಗಾಳಿ ಊದುವ ಬ್ಲೋವರ್ ಬೆಳಗಿನವರೆಗೂ ತಿರುಗಲಿಲ್ಲ. ಒಂದು ರಾತ್ರಿಗೇ ಸಾಯುವಂಥದ್ದಲ್ಲ ಅದು. ಅದಕ್ಕೂ ಮೊದಲೇ ಎಷ್ಟೋ ದಿನದಿಂದ ಸೊರಗಿತ್ತು. ಯಾವತ್ತಿನಿಂದ ಅಂತ ನೋಡೋಣ ಎಂದು ಲಾಗ್‌ಬುಕ್ ತೆರೆದರೆ, ತೊಟ್ಟಿ ನೀರಿನ ಆಮ್ಲಜನಕ 2.0, 2.0, 2.0 ಅಂತ ಪುಟ ಪೂರಾ ಒಂದೇ ಅಂಕಿ. ಮೀಟರನ್ನು ಯಾರೂ ನೀರಿಗೆ ಇಳಿಸಿರಲಿಲ್ಲ. ಅದರಲ್ಲಿ ನನ್ನ ಕೈಬರಹವೂ ಇತ್ತು, ಮಗಾ. ಎಲ್ಲರೂ ಬರೆಯುತ್ತಿದ್ದರು, ನಾನೂ ಬರೆದಿದ್ದೆ. ರೋಗ ಎಲ್ಲಿ ಶುರುವಾಯಿತು ಅಂತ ತಿಳಿಯುವ ದಾರಿಯನ್ನು ನಾವೇ ಅಳಿಸಿದ್ದೆವು. ಕೊನೆಗೆ ಪಕ್ಕದ ಮನೆಯಿಂದ ಹೆಪ್ಪು ತಂದಂತೆ, ಬೇರೆ ಘಟಕದಿಂದ ಟ್ಯಾಂಕರಿನಲ್ಲಿ ಕೆಸರು ತಂದು ಸುರಿದೆವು. ಸರಿಹೋಗಲು ಮೂರು ವಾರ ಹಿಡಿಯಿತು. ಆ ಮೂರು ವಾರ ಹಳ್ಳಕ್ಕೆ ಹೋದ ನೀರನ್ನು ನೆನೆಸಿಕೊಂಡರೆ ಈಗಲೂ ಊಟ ಸೇರುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಅಳೆಯದ್ದನ್ನು ಬರೆಯಬೇಡ. ಮೀಟರ್ ಕೆಟ್ಟಿದ್ದರೆ ‘ಮೀಟರ್ ಕೆಟ್ಟಿದೆ’ ಅಂತಲೇ ಬರೆದು ಸಹಿ ಹಾಕು. ಹೊರಹೋಗುವ ನೀರಿನ ಬಿಒಡಿ ಲೀಟರಿಗೆ 10 ಮಿಲಿಗ್ರಾಂ ದಾಟಬಾರದು ಅಂತ 2019ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದೆ. ಮೇಲಿನವರಿಗೆ ಆ ಅಂಕಿಯದೇ ಚಿಂತೆ. ಕಾಂಟ್ರ್ಯಾಕ್ಟ್ ಕೆಲಸದವನು ನೀನು, ‘ಸರಿಯಾಗಿ ಬರಿಯಪ್ಪಾ’ ಅಂತ ಯಾರಾದರೂ ಹೇಳಿದಾಗ ಎದುರಾಡುವುದು ಕಷ್ಟ ಅಂತಲೂ ಗೊತ್ತು. ಜಗಳಕ್ಕೆ ಹೋಗಬೇಡ. ‘ನೋಡಿದ್ದನ್ನು ಬರೆದಿದ್ದೀನಿ ಸಾರ್’ ಅನ್ನು, ಅಷ್ಟೇ.

ಇನ್ನೊಂದು ಮಾತಿದೆ, ಇದು ಪ್ರಾಣದ್ದು. ಕೊಳಚೆ ಬಂದು ಸೇರುವ ವೆಟ್‌ವೆಲ್ಲಿಗಾಗಲೀ ಮ್ಯಾನ್‌ಹೋಲಿಗಾಗಲೀ ಇಳಿಯಬೇಡ. ಸೀರೆ ತುಂಡು, ಪ್ಯಾಡು, ಡಯಾಪರು ಸಿಕ್ಕಿಕೊಂಡು ಪಂಪ್ ನಿಲ್ಲುತ್ತದೆ, ನಿಲ್ಲಲಿ. ಪಂಪನ್ನು ಚೈನ್‌ಪುಲ್ಲಿ ಹಾಕಿ ಮೇಲಕ್ಕೆ ಎಳೆಸು. ಅಲ್ಲಿನ ಗಾಳಿಗೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ. ವಾಸನೆ ನಿಂತಿತು ಅಂದರೆ ಗಾಳಿ ತಿಳಿಯಾಯಿತು ಅಂತ ಅಂದುಕೊಳ್ಳಬೇಡ. ಆ ಗ್ಯಾಸ್ ಹತ್ತು ಲಕ್ಷ ಪಾಲಿಗೆ ನೂರು ಪಾಲಿನಷ್ಟಾದರೆ ಕೆಲವೇ ನಿಮಿಷದಲ್ಲಿ ಮೂಗು ಮರಗಟ್ಟಿಹೋಗುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಕೆಸರಿನೊಳಗೂ ಅಡಗಿರುತ್ತದೆ, ಕಾಲಿಟ್ಟು ಕಲಕಿದ ಕ್ಷಣಕ್ಕೆ ಏಳುತ್ತದೆ. ಮೇಲೆ ನಿಂತು ಹಿಡಿದ ಗ್ಯಾಸ್ ಮೀಟರ್ ಸೊನ್ನೆ ತೋರಿಸಿದ್ದನ್ನು ನಂಬಿ ಇಳಿದವರು ವಾಪಸ್ ಬಂದಿಲ್ಲ. ಒಬ್ಬ ಬಿದ್ದಾಗ ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಎತ್ತಲು ಮತ್ತೊಬ್ಬ. ಈ ದೇಶದಲ್ಲಿ ಸಾವುಗಳು ಹೀಗೆ ಎರಡು, ಮೂರು ಒಟ್ಟೊಟ್ಟಿಗೆ ಆಗುತ್ತವೆ. ನಿನ್ನ ಗೆಳೆಯನೇ ಬಿದ್ದರೂ ಕೂಗು, ಅಗ್ನಿಶಾಮಕದವರನ್ನು ಕರೆಸು, ಗಾಳಿ ಊದಿಸು, ಇಳಿಯಬೇಡ. ಇದು ಕಲ್ಲುಮನಸ್ಸಿನ ಮಾತು ಅನ್ನಿಸುತ್ತದೆ, ಆದರೂ ಹೇಳುತ್ತೇನೆ. ರಕ್ಷಣೆಯ ಸಾಮಾನಿಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಒಳಗೆ ಸತ್ತವರ ಮನೆಗೆ 30 ಲಕ್ಷ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮಮ್ಮನಿಗೆ ಆ ದುಡ್ಡು ಬೇಡ.

ಧನುರ್ವಾಯು, ಟೈಫಾಯಿಡ್, ಕಾಮಾಲೆ ಇಂಜೆಕ್ಷನ್ನುಗಳ ಬಗ್ಗೆ ಡಾಕ್ಟರನ್ನು ಈ ವಾರವೇ ಕೇಳು. ಉಗುರು ಬಿಡಬೇಡ. ಬೂಟು ಮನೆಯೊಳಗೆ ತರಬೇಡ.

ಸೋಮವಾರ ಬೆಳಗಿನ ಶಿಫ್ಟ್ ಅಂದೆಯಲ್ಲ, ಅರ್ಧ ಗಂಟೆ ಮೊದಲೇ ಹೋಗು. ರಾತ್ರಿ ಶಿಫ್ಟಿನವನನ್ನು ಮನೆಗೆ ಕಳಿಸುವ ಮುಂಚೆ ಅವನ ಜೊತೆ ತೊಟ್ಟಿಗಳ ಸುತ್ತ ಒಂದು ಸುತ್ತು ಹಾಕು, ರಾತ್ರಿ ಯಾವ ಬ್ಲೋವರ್ ಸದ್ದು ಬದಲಾಯಿತು ಅಂತ ಕೇಳು. ಪುಸ್ತಕದಲ್ಲಿ ಬರೆಯದ್ದನ್ನು ನಡೆಯುತ್ತಾ ಹೇಳುತ್ತಾನೆ. ಆಮೇಲೆ ಜಾಡಿ ತುಂಬಿ ಇಡು. ಎಷ್ಟಕ್ಕೆ ಇಳಿಯಿತು ಅಂತ ಸಾಯಂಕಾಲ ನನಗೆ ಫೋನ್ ಮಾಡು.